ಮಡ್ಗಾರ್ಡು ಬಿಚ್ಚದ ಕಾರು

ಬಿಸಿಯಾದ ತಗಡಿಗೆ ಮೆತ್ತಿಕೊಂಡ ಜೇಡಿಮಣ್ಣು ಒಣಗುವಾಗ ಒಂದು ವಾಸನೆ ಬರುತ್ತದೆ. ಮಣ್ಣಿನ ವಾಸನೆಯೇ, ಆದರೆ ಮೊದಲ ಮಳೆಯದಲ್ಲ. ಸುಟ್ಟ ರಬ್ಬರು, ತುಕ್ಕು, ಕೊಳೆತ ಕಬ್ಬಿನ ಸೋಗೆ, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಹೋದ ತಿಂಗಳು ಮಂಡ್ಯದ ಒಂದು ಗ್ಯಾರೇಜಿನಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ನಾನು ಗೋಡೆ ಹಿಡಿದುಕೊಂಡು ನಿಂತೆ.

ತಂಗಿಯ ಮಗ ಹೊಸ ಕಾರು ತೆಗೆದುಕೊಂಡಿದ್ದ. ಚಕ್ರದ ಹಿಂದೆ ರಬ್ಬರಿನ ಮಡ್ಗಾರ್ಡು ಹಾಕಿಕೊಡಲೇ ಎಂದು ಗ್ಯಾರೇಜಿನವನು ಕೇಳಿದ. ಬೇಡ, ಮಣ್ಣು ಕಚ್ಚಿಕೊಳ್ಳುವುದಕ್ಕೆ ಇನ್ನೊಂದು ಜಾಗ ಅಷ್ಟೆ, ಕಾರಿನ ಅಂದವೂ ಕೆಡುತ್ತದೆ ಎಂದು ಇವನು ಹೇಳಿದ. ಇವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಹಾಕು ಎಂದು ಗದರಿದ ರೀತಿಗೆ ಪಕ್ಕದ ಕಾರಿನ ಕೆಳಗೆ ಮಲಗಿದ್ದವನೂ ತಲೆ ಹೊರಗೆ ಹಾಕಿ ನೋಡಿದ. ಮನೆ ಹತ್ತಿರ ಬಂದಾಗ ಅಳಿಯ, ಒಂದು ರಬ್ಬರಿನ ಚೂರಿಗೆ ಅಷ್ಟು ಕೋಪವೇಕೆ ಮಾವ, ಎಂದು ಕೇಳಿದ. ಕೋಪವಲ್ಲ ಎಂದೆ. ಏನು ಎಂದು ಹೇಳಲು ಆಗಲಿಲ್ಲ. ಬರೆದರೆ ಹೇಳಬಹುದೇನೋ...

ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲ. ಯುದ್ಧ ನಡೆಯುತ್ತಿತ್ತು. ರಜಕ್ಕೆ ಊರಿಗೆ ಬರಬೇಕಾದರೆ ಮದ್ದೂರಿನವರೆಗೆ ರೈಲು, ಅಲ್ಲಿಂದ ಮಳವಳ್ಳಿಗೆ ಸರ್ವೀಸ್ ಕಾರು. ಬಟ್ಟೆಯ ಮೇಲ್ಛಾವಣಿಯ ಹಳೆಯ ಕಾರು ಅದು. ಪೆಟ್ರೋಲು ಸಿಗದ ಕಾರಣ ಹಿಂಬದಿಗೆ ಇದ್ದಿಲು ಉರಿಸುವ ಒಂದು ಡ್ರಮ್ಮು ಕಟ್ಟಿದ್ದರು. ಆ ಇದ್ದಿಲ ಗ್ಯಾಸಿನಲ್ಲಿ ಎಂಜಿನ್ನು ಎಳೆಯುತ್ತಿದ್ದುದು ಅಷ್ಟಕ್ಕಷ್ಟೆ. ಬೆಳಗ್ಗೆ ಮಳವಳ್ಳಿಯಿಂದ ಹೊರಟು ಮದ್ದೂರು ಮುಟ್ಟಿ, ರೈಲಿನ ಜನರನ್ನು ತುಂಬಿಕೊಂಡು ಮಧ್ಯಾಹ್ನದ ಮೇಲೆ ಹಿಂದಿರುಗುತ್ತಿತ್ತು. ಓಡಿಸುತ್ತಿದ್ದವರೂ ಒಡೆಯರೂ ಒಬ್ಬರೇ. ಮದ್ದೂರಿನವರು, ಮನೆ ಮಾಡಿಕೊಂಡದ್ದು ಮಳವಳ್ಳಿಯಲ್ಲಿ. ಎಲ್ಲರೂ ಅವರನ್ನು ಸಾಬರು ಎನ್ನುತ್ತಿದ್ದರು. ದೊಡ್ಡ ಮೀಸೆ, ಸಣ್ಣ ದನಿ.

ಆ ರಸ್ತೆಯನ್ನು ಈಗಿನವರಿಗೆ ವರ್ಣಿಸುವುದು ಕಷ್ಟ. ನಾಲೆಯ ನೀರು ಬಂದ ಮೇಲೆ ಎರಡೂ ಕಡೆ ಕಬ್ಬು ಎದ್ದಿತ್ತು. ಗಾಡಿಗಳು ಕಬ್ಬು ಹೊತ್ತು ಓಡಾಡಿ ರಸ್ತೆಯ ತುಂಬ ಸೋಗೆ ಉದುರಿಸುತ್ತಿದ್ದವು. ಮಳೆ ಬಿದ್ದರೆ ಕೆಳಗಿನ ಜೇಡಿಯೂ ಮೇಲಿನ ಸೋಗೆಯೂ ಕಲಸಿಕೊಂಡು ಹಗ್ಗ ಹೊಸೆದಂತಾಗುತ್ತಿತ್ತು. ಅದು ಚಕ್ರಕ್ಕೆ ಸುತ್ತಿಕೊಂಡು ಮೇಲೇರಿ, ಟೈರಿಗೂ ಮಡ್ಗಾರ್ಡಿನ ತಗಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಳ್ಳುತ್ತಿತ್ತು. ಆಮೇಲೆ ಚಕ್ರ ತಿರುಗುತ್ತಿರಲಿಲ್ಲ. ಗಂಡಸರೆಲ್ಲ ಇಳಿದು, ಕಾರಿನಲ್ಲೇ ಇಟ್ಟಿರುತ್ತಿದ್ದ ಬಿದಿರಿನ ಕೋಲಿನಿಂದ ಆ ಮಣ್ಣನ್ನು ತಿವಿದು ತಿವಿದು ಕೀಳಬೇಕು. ಆ ಲೈನಿನಲ್ಲಿ ಓಡಾಡುವವರಿಗೆಲ್ಲ ಇದು ಗೊತ್ತಿದ್ದ ಸಂಗತಿ. ಟಿಕೆಟ್ಟಿನ ಜೊತೆಗೇ ಕೀಳುವ ಸರದಿಯನ್ನೂ ಕೊಂಡಂತೆ. ಒಮ್ಮೆ ಕಿತ್ತು ಹೊರಟರೆ ಮುಂದಿನ ತಿರುವಿನಲ್ಲಿ ಮತ್ತೆ ಅದೇ.

ಸಾಕಾಗಿ ಹೋಗಿ ಒಂದು ಮಳೆಗಾಲದ ಮೊದಲಿಗೆ ಸಾಬರು ನಾಲ್ಕೂ ಮಡ್ಗಾರ್ಡು ಬಿಚ್ಚಿ ಮನೆಯ ಅಟ್ಟಕ್ಕೆ ಹಾಕಿದರು. ಕಾರು ರೆಕ್ಕೆ ಕಿತ್ತ ಕೋಳಿಯ ಹಾಗೆ ಕಾಣುತ್ತಿತ್ತು. ಆದರೆ ನಿಲ್ಲದೆ ಓಡಿತು. ಒಳಗೆ ಕೂತವರಿಗೆಲ್ಲ ಸಂತೋಷ. ನನಗೂ.

ಹೊರಗೆ ನಡೆಯುವವರ ಕಥೆ ಬೇರೆ. ಬಯಲಿನಲ್ಲಿ ಹಾರನ್ನು ಕೇಳಿದ ಕೂಡಲೇ ಅವರು ಕಬ್ಬಿನ ಗದ್ದೆಗೆ ಇಳಿದುಬಿಡುತ್ತಿದ್ದರು. ನಾಲೆಯ ಏರಿಯ ಮೇಲೆ ಇಳಿಯಲು ಜಾಗವಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಅಲ್ಲಿ ಸಿಕ್ಕಿದವರು ತಲೆಯಿಂದ ಕಾಲಿನವರೆಗೆ ಕೆಸರು ಬಳಿಸಿಕೊಂಡೇ ಮುಂದೆ ಹೋಗಬೇಕು. ಹಾಗೆ ಬಳಿಸಿಕೊಂಡವರಲ್ಲಿ ನಮ್ಮ ಬೀದಿಯ ನರ್ಸಮ್ಮ ಒಬ್ಬರು.

ಅವರಿಗೆ ಬೇರೆ ಹೆಸರಿತ್ತು. ನಾವು ಯಾರೂ ಅದನ್ನು ಬಳಸಲಿಲ್ಲ. ಮಳವಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸ ಅವರದು. ಮೈಸೂರಿನ ಕಡೆಯವರು, ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ತಲೆ ಬೋಳಿಸುತ್ತೇವೆಂದ ಮನೆಯವರಿಗೆ ಬೆನ್ನು ತಿರುಗಿಸಿ ಹೋಗಿ ನರ್ಸಿನ ಕೆಲಸ ಕಲಿತು ಬಂದವರು. ನಮ್ಮ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಉದ್ದ ಜಡೆ, ನೀಲಿ ಅಂಚಿನ ಬಿಳಿ ಸೀರೆ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಬಾಯಿ ಮಾತ್ರ ಚೂಪು. ನನ್ನಕ್ಕನ ಹೆರಿಗೆಯಲ್ಲಿ, ಬಾಗಿಲಲ್ಲಿ ನಿಂತು ಗಂಡೋ ಹೆಣ್ಣೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದ ಅಪ್ಪನಿಗೆ, ಮನುಷ್ಯನ ಮಗು, ಸದ್ಯಕ್ಕೆ ಅಷ್ಟು ಸಾಲದೇ ಎಂದಿದ್ದರು.

ಮದ್ದೂರು ದಾರಿಯ ಹಳ್ಳಿಗಳಲ್ಲಿ ಯಾರಿಗಾದರೂ ನೋವು ಬಂದರೆ ಆಳು ಓಡಿ ಬರುತ್ತಿದ್ದ, ಇವರು ನಡೆದು ಹೋಗುತ್ತಿದ್ದರು. ಕಾರು ಅದರ ಹೊತ್ತಿಗೆ ಬರುತ್ತಿತ್ತು, ಹೆರಿಗೆ ಅದರ ಹೊತ್ತಿಗೆ.

ಆ ಮಳೆಗಾಲದಲ್ಲಿ ಒಂದು ದಿನ ನಾಲೆಯ ಏರಿಯ ಮೇಲೆ ಕಾರು ಅವರನ್ನು ದಾಟಿ ಹೋಯಿತು. ಹಳ್ಳಿಯ ಆ ಮನೆ ಮುಟ್ಟಿದಾಗ ಸೀರೆ, ರವಿಕೆ, ಕೈ, ಪೆಟ್ಟಿಗೆ ಎಲ್ಲವೂ ಕೆಸರು. ದನ ಎಮ್ಮೆ ಓಡಾಡುವ ರಸ್ತೆಯ ಕೆಸರು ಮೈಮೇಲೆ ಇಟ್ಟುಕೊಂಡು ಅವರು ಹೆರಿಗೆಯ ಕೋಣೆಗೆ ಕಾಲಿಡುವವರಲ್ಲ. ಹಾಗೆ ಹೋದರೆ ತಾಯಿಗೆ ನಂಜು ಏರುತ್ತದೆಂದು ಕಲಿತು ಬಂದವರು. ನೀರು ಸೇದಿ ತರಬೇಕು, ಕಾಯಿಸಬೇಕು, ಆ ಮನೆಯವರ ಒಂದು ಸೀರೆ ಬೇಡಿ ಉಡಬೇಕು. ಅಷ್ಟರಲ್ಲಿ ಒಳಗೆ ಮಗು ಹೊರಬಂದಿತ್ತು. ಕೊರಳಿಗೆ ಹೊಕ್ಕಳ ಬಳ್ಳಿ ಸುತ್ತಿಕೊಂಡಿತ್ತು. ಬಿಡಿಸಲು ಅಲ್ಲಿದ್ದ ಹೆಂಗಸರಿಗೆ ತಿಳಿಯಲಿಲ್ಲ.

ಹಿಂದಿರುಗಿ ಬಂದು ನಮ್ಮ ಜಗಲಿಯ ಮೇಲೆ ಕೂತವರು ಅಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ. ಪೆಟ್ಟಿಗೆಯಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಬಾರದೇ ಎಂದು ಅಮ್ಮ ಮೆಲ್ಲಗೆ ಕೇಳಿದರಂತೆ. ಬಟ್ಟೆಗೆ ಕಂಟ್ರೋಲು ಬಂದಿದ್ದ ಕಾಲ. ಇರುವುದೇ ಎರಡು ಕಣಮ್ಮ, ಒಂದು ಮೈಮೇಲೆ, ಇನ್ನೊಂದು ಹಗ್ಗದ ಮೇಲೆ, ಎಂದರಂತೆ. ಆಮೇಲೆ ಎದ್ದು ಹೋದರು ಎಂದು ಅಮ್ಮ ಹೇಳುತ್ತಿದ್ದರು.

ನರ್ಸಮ್ಮ ಮೊದಲು ಕಾರು ನಿಲ್ಲುವ ಜಾಗಕ್ಕೇ ಹೋಗಿ, ಮಡ್ಗಾರ್ಡು ಮತ್ತೆ ಹಾಕಿ ಎಂದು ಒಳ್ಳೆಯ ಮಾತಿನಲ್ಲಿ ಕೇಳಿದರು. ಸಾಬರು ಒಳ್ಳೆಯ ಮಾತಿನಲ್ಲೇ ಆಗುವುದಿಲ್ಲ ಎಂದರು. ಸುತ್ತ ನಿಂತವರು ನಕ್ಕರು.

ದಸರಾ ರಜಕ್ಕೆ ನಾನು ಬಂದಾಗ ಮಳೆ ಇನ್ನೂ ಬಿಟ್ಟಿರಲಿಲ್ಲ. ಮದ್ದೂರಿನಲ್ಲಿ ಕಾರು ಹತ್ತಿ ಸಾಬರ ಪಕ್ಕದಲ್ಲಿ ಕೂತಿದ್ದೆ. ಹಿಂದೆ ಬೆಲ್ಲದ ಮಂಡಿಯ ಯಜಮಾನರು, ಅವರ ಮೇಲೆ ಅರ್ಧ ಕೂತಂತೆ ಇನ್ನಷ್ಟು ಜನ. ಏರಿಯ ಮೇಲೆ ಬಂದಾಗ ರಸ್ತೆಯ ನಡುಮಧ್ಯದಲ್ಲಿ ಕೊಡೆ ಹಿಡಿದು ಒಬ್ಬ ಹೆಂಗಸು ನಿಂತಿರುವುದು ಕಾಣಿಸಿತು. ಹಾರನ್ನು ಒತ್ತಿದರು. ಕೊಡೆ ಅಲ್ಲಾಡಲಿಲ್ಲ. ಮತ್ತೆ ಒತ್ತಿದರು. ಕೊನೆಗೆ ಬ್ರೇಕು ಹಾಕಿ ನಿಲ್ಲಿಸಿದಾಗ ಕಾರಿನ ಮೂತಿಗೂ ಅವರಿಗೂ ನಡುವೆ ಒಂದು ಎತ್ತು ಮಲಗುವಷ್ಟು ಜಾಗ ಉಳಿದಿತ್ತು.

"ದಾರಿ ಬುಡಿ ನರ್ಸಮ್ಮಾರೆ," ಎಂದರು ಸಾಬರು.

"ಮಡ್ಗಾರ್ಡು ಎಲ್ಲಿ ಸಾಬ್ರೆ?"

"ಮನೇಲವೆ. ಅಟ್ಟದ ಮೇಲೆ."

"ಅಟ್ಟದ ಮೇಲೆ ಕೆಸರು ಹಾರ್ತದಾ?"

ಹಿಂದೆ ಯಾರೋ ನಕ್ಕರು. ಮಂಡಿಯ ಯಜಮಾನರಿಗೆ ನಗು ಬರಲಿಲ್ಲ. ಕತ್ತು ಹೊರಗೆ ಹಾಕಿ, ಕೆಲ್ಸ ಇರೋರು ನಾವು, ಒತ್ತಾಯ್ತದೆ ಕಣವ್ವ, ಎಂದರು. ನರ್ಸಮ್ಮ ಅವರ ಕಡೆ ನೋಡಲೂ ಇಲ್ಲ. ಇವತ್ತು ನನಗೆ ರಜ, ಸಂಜೆಯವರೆಗೂ ನಿಂತಿರುತ್ತೇನೆ, ನಾಳೆ ರಜ ಇಲ್ಲದಿದ್ದರೂ ನಿಲ್ಲುತ್ತೇನೆ ಎಂದರು. ಆಮೇಲೆ ಆ ಮಗುವಿನ ಸಂಗತಿಯನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ದನಿ ಏರಿಸಲಿಲ್ಲ. ತಪ್ಪನ್ನು ಯಾರ ಮೇಲೂ ಹಾಕಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು.

ಸಾಬರು ಸ್ಟಿಯರಿಂಗಿನಿಂದ ಕೈ ತೆಗೆದು ಮುಖ ಒರೆಸಿಕೊಂಡರು. ಅವರೂ ಮಕ್ಕಳೊಂದಿಗ.

"ಆಕುದ್ರೆ ಜೇಡಿ ಸಿಕ್ಕಾಕ್ಕತದೆ ಅಮ್ಮಾರೆ. ಗ್ಯಾಸಿನ ಇಂಜಿನ್ನು ಎಳಿಯಾಕಿಲ್ಲ. ಆಮೇಲೆ ಅದನ್ನ ಕೀಳೋರ್ಯಾರು? ನೀವು ಬತ್ತೀರಾ?"

"ಬರ್ತೀನಿ."

ಮಂಡಿಯ ಯಜಮಾನರಿಗೆ ಇದು ಸಿಕ್ಕಿದ ಅವಕಾಶ. ಕೀಳಾಕೆ ಬಂದ್ರೆ ಸೀರೆ ಕೆಸರಾಗಾಕಿಲ್ವಾ, ಎಂದು ಕೇಳಿ ಸುತ್ತ ನೋಡಿದರು.

"ಹೋಗುವಾಗ ನೀವು ಕೀಳಿ," ಎಂದರು ನರ್ಸಮ್ಮ. "ಬರುವಾಗ ನಾನು ಕೀಳ್ತೀನಿ. ಹೋಗುವಾಗ ನನಗೆ ಸೀರೆ ಬೇಕು. ಬರುವಾಗ ಬೇಡ."

ಆಯ್ತು ಬುಡಿ ಎಂದು ಸಾಬರು ಹಣೆ ಮುಟ್ಟಿಕೊಂಡರು. ನರ್ಸಮ್ಮ ಕೊಡೆ ಮಡಚಿ, ಪಕ್ಕಕ್ಕೆ ಸರಿದು, ಹೋಗಿ ಎಂದು ಕೈಬೀಸಿದರು. ಹತ್ತಿಕೊಳ್ಳಿ ಎಂದರೆ ಹತ್ತಲಿಲ್ಲ. ಮಡ್ಗಾರ್ಡು ಇಲ್ಲದ ಕಾರಿಗೆ ನಾನು ಹತ್ತುವುದಿಲ್ಲ ಎಂದರು. ಅಂದು ಕಾರು ಅವರನ್ನು ದಾಟಿ ಹೋದದ್ದು ಆಳು ನಡೆಯುವ ವೇಗದಲ್ಲಿ.

ವಾರ ಕಳೆಯುವುದರೊಳಗೆ ಅಟ್ಟದಿಂದ ಇಳಿದ ಮಡ್ಗಾರ್ಡುಗಳು ಮತ್ತೆ ಕಾರಿಗೆ ಕೂತವು. ಹೋಗುವಾಗ ನೀವು, ಬರುವಾಗ ನಾನು ಎಂಬುದು ಆ ಲೈನಿನ ಕಾನೂನಾಯಿತು. ನಾನು ಕಣ್ಣಾರೆ ನೋಡಿದ್ದೇನೆ. ಹೆರಿಗೆ ಮುಗಿಸಿ ಸುಸ್ತಾಗಿ ಬರುವಾಗ ದಾರಿಯಲ್ಲಿ ಕಾರು ಸಿಕ್ಕಿಕೊಂಡಿದ್ದರೆ, ಪೆಟ್ಟಿಗೆಯನ್ನು ಫುಟ್‌ಬೋರ್ಡಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಹಿಡಿಯುತ್ತಿದ್ದರು. ಒಮ್ಮೆ ಸಣ್ಣಗೆ ಹನಿಯುತ್ತಿದ್ದಾಗ ಮಂಡಿಯ ಯಜಮಾನರು ಒಳಗೇ ಕೂತಿದ್ದರು. ನೀವು ಇಳೀಬೇಡಿ ಯಜಮಾನ್ರೆ, ಬೆಲ್ಲ ಕರಗಿಬಿಡ್ತದೆ, ಎಂದರು ನರ್ಸಮ್ಮ. ಅವರು ಪಂಚೆ ಎತ್ತಿ ಕಟ್ಟಿ ಇಳಿದರು. ಆಮೇಲಿಂದ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದವರು ಅವರೇ.

ಬೈಯುವವರು ಬೈಯುತ್ತಲೇ ಇದ್ದರು. ಒಬ್ಬ ಹೆಂಗಸಿನ ಸೀರೆಗಾಗಿ ಕಾರಿನ ತುಂಬ ಜನ ಮಣ್ಣು ಕೀಳಬೇಕೇ ಎಂಬ ಮಾತು ಮಳೆ ಬಂದಾಗಲೆಲ್ಲ ಏಳುತ್ತಿತ್ತು. ಅದು ಒಬ್ಬರ ಸೀರೆಯಲ್ಲ. ಆ ರಸ್ತೆಯಲ್ಲಿ ನಡೆಯುತ್ತಿದ್ದವರೆಲ್ಲ, ಸೊಪ್ಪು ಮಾರುವವರು, ಇಸ್ಕೂಲಿಗೆ ಹೋಗುವ ಮೇಷ್ಟ್ರು, ಕೂಲಿಯವರು, ಮೈಮೇಲೆ ಕೆಸರಿಲ್ಲದೆ ಊರು ಮುಟ್ಟುತ್ತಿದ್ದರು. ಆದರೆ ನಡೆಯುವವರು ಕಾರಿನೊಳಗಿನ ಮಾತಿಗೆ ಸೇರುವುದು ಹೇಗೆ?

ಈಗ ಬರೆಯಬೇಕಾದದ್ದಕ್ಕೆ ಬಂದೆ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷದ ಮಳೆಗಾಲ. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಎರಡು ದಿನದಿಂದ ಹೊಟ್ಟೆನೋವೆಂದು ಹೇಳುತ್ತಲೇ ಕೆಲಸಕ್ಕೆ ಹೋಗುತ್ತಿದ್ದ ನರ್ಸಮ್ಮ ಅಂದು ಬೆಳಗ್ಗೆ ಏಳಲಿಲ್ಲ. ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ಅಪೆಂಡಿಕ್ಸು ಬಾತಿದೆ, ಒಡೆಯುವ ಮುಂಚೆ ಕೊಯ್ದು ತೆಗೆಯಬೇಕು, ತಡಮಾಡದೆ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಎಂದರು. ಒಡೆದರೆ ಏನೆಂದು ನಾವು ಕೇಳಲಿಲ್ಲ. ನರ್ಸಮ್ಮನಿಗಂತೂ ಗೊತ್ತಿತ್ತು.

ಸಾಬರು ಅಂದು ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ ಕಾರನ್ನು ನಮ್ಮ ಬಾಗಿಲಿಗೇ ತಂದರು. ನರ್ಸಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅಮ್ಮ ತೊಡೆಯ ಮೇಲೆ ಅವರ ತಲೆ ಇಟ್ಟುಕೊಂಡರು. ರಾತ್ರಿಯಿಂದ ಬಿಡದೆ ಮಳೆ ಸುರಿಯುತ್ತಿತ್ತು. ಸಾಬರು ಆಕಾಶ ನೋಡಿದರು, ರಸ್ತೆ ನೋಡಿದರು, ಸೀಟಿನ ಕೆಳಗಿನಿಂದ ಸ್ಪ್ಯಾನರು ತೆಗೆದರು. ನನ್ನನ್ನು ಪಕ್ಕಕ್ಕೆ ಕರೆದು, ಬೀಡಿ ಸೇದುವಷ್ಟರಲ್ಲಿ ನಾಲ್ಕೂ ಬಿಚ್ಚಿಬಿಡುತ್ತೇನೆ, ಇವತ್ತು ದಾರಿಯಲ್ಲಿ ನಿಂತರೆ ಆಗುವುದಿಲ್ಲ ಎಂದರು. ನಾನು ಬಿಚ್ಚಿ ಎಂದೆ. ಮೊದಲ ಬೋಲ್ಟಿಗೆ ಸ್ಪ್ಯಾನರು ತಗುಲಿದ ಸದ್ದು ಒಳಗೆ ಕೇಳಿರಬೇಕು.

"ಬಿಚ್ಚಬೇಡಿ ಸಾಬ್ರೆ."

ಕಣ್ಣು ಮುಚ್ಚಿಯೇ ಇದ್ದರು. ಸಾಬರು ಬಾಗಿಲ ಬಳಿ ಬಂದು, ಇವತ್ತೊಂದಿನ ಬುಡಿ ತಾಯಿ, ನಾಳೆ ನಾನೇ ಆಕ್ತೀನಿ, ನಮ್ಮ ಮಕ್ಕಳಾಣೆ ಎಂದು ಬೇಡಿಕೊಂಡರು. ಅಮ್ಮನೂ ಬೇಡಿಕೊಂಡರು.

"ಇವತ್ತು ನನಗೋಸ್ಕರ ಬಿಚ್ಚಿದ್ರೆ, ನಾಳೆ ಇನ್ಯಾರಿಗೋಸ್ಕರಾನೋ ಬಿಚ್ಚಿರ್ತೀರಿ. ಯಾವತ್ತೂ ಯಾರಿಗಾದ್ರೂ ಅರ್ಜೆಂಟು ಇದ್ದೇ ಇರ್ತದೆ. ನಡೀರಿ. ಮಾತಾಡಿದಷ್ಟೂ ಹೊತ್ತು ಹೋಗ್ತದೆ."

ನಾವು ಹೊರಟೆವು.

ಮೊದಲ ಬಾರಿ ನಿಂತದ್ದು ಊರು ದಾಟಿ ಸ್ವಲ್ಪ ದೂರಕ್ಕೆ. ನಾನೂ ಸಾಬರೂ ಇಳಿದು ಕಿತ್ತೆವು. ಆಮೇಲೆ ಮತ್ತೆ. ಆಮೇಲೆ ಎಣಿಸಲಿಲ್ಲ. ಹಿಂದಿನ ಸೀಟಿನಿಂದ ನರಳುವ ಸದ್ದೂ ಬರುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸುತ್ತಿತ್ತು.

ನಾಲೆಯ ಏರಿಯ ಮೇಲೆ ಹಿಂದಿನ ಎಡಗಡೆಯ ಚಕ್ರ ಒಮ್ಮೆಲೇ ಕಚ್ಚಿಕೊಂಡಿತು. ಕಾರು ನಿಲ್ಲಲಿಲ್ಲ, ತಿರುಗಿತು. ಹಿಂಬದಿ ಜಾರುತ್ತ ಜಾರುತ್ತ ನೀರಿನ ಕಡೆಗೆ ಹೋಯಿತು. ಆ ಜಾರುವಿಕೆ ಎಷ್ಟು ನಿಧಾನವಾಗಿತ್ತೆಂದರೆ, ಅಮ್ಮ ನರ್ಸಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದನ್ನು ನಾನು ಹಿಂದೆ ತಿರುಗಿ ನೋಡುವಷ್ಟು ಹೊತ್ತಿತ್ತು. ಏರಿಯ ಅಂಚಿನಲ್ಲಿ ಕಾರು ನಿಂತಿತು. ಚಕ್ರದ ಅರ್ಧ ಹೊರಗೆ. ಕೆಳಗೆ ಕೆಂಪು ನೀರು ಏರಿಯ ಎತ್ತರಕ್ಕೆ ಹರಿಯುತ್ತಿತ್ತು.

ಸಾಬರು ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತೇಬಿಟ್ಟಿದ್ದರು. ಕೈಬ್ರೇಕು ಹಿಡಿಯುತ್ತಿರಲಿಲ್ಲ. ಕಾಲು ತೆಗೆದರೆ ಕಾರು ಹಿಂದಕ್ಕೆ. ನರ್ಸಮ್ಮನನ್ನು ಇಳಿಸಲು ಹೋದರೆ ಭಾರ ಆ ಕಡೆಗೇ ವಾಲುತ್ತದೆ. ಮಣ್ಣು ಕಿತ್ತು ಚಕ್ರ ಬಿಡಿಸಿದರೆ ಮಾತ್ರ ಮುಂದಕ್ಕೆ ಎಳೆಯಬಹುದು. ಅದನ್ನು ಕೀಳಬೇಕಾದದ್ದು ನೀರಿನ ಕಡೆಯಿಂದ. ಕೀಳಲು ಇದ್ದವನು ನಾನೊಬ್ಬ.

ಮಡ್ಗಾರ್ಡಿನ ಅಂಚನ್ನೇ ಎಡಗೈಯಲ್ಲಿ ಹಿಡಿದು ಇಳಿಜಾರಿನಲ್ಲಿ ನಿಂತೆ. ಕಾಲು ಊರುವ ಜಾಗವೆಲ್ಲ ಜಾರುತ್ತಿತ್ತು. ಕೋಲಿನಿಂದ ತಿವಿದೆ. ನಾಲ್ಕೈದು ಬಾರಿ ತಿವಿಯುವಷ್ಟರಲ್ಲಿ ಕೋಲು ಮುರಿಯಿತು. ಕೈ ಹಾಕಿದೆ. ತಗಡು ಬಿಸಿ, ಮಣ್ಣು ಬಿಸಿ, ಟೈರು ಬಿಸಿ. ಆ ವಾಸನೆ ಮುಖಕ್ಕೇ ಬರುತ್ತಿತ್ತು. ಸೋಗೆಯ ಒಂದು ಸಿಂಬಿಯನ್ನು ಹಿಡಿದೆಳೆದಾಗ ಅದು ಬಂತು. ಬಂದದ್ದೇ ತಡ, ಚಕ್ರ ಸ್ವಲ್ಪ ತಿರುಗಿತು. ಬೆರಳಗಲದಷ್ಟು. ಮಣಿಕಟ್ಟು ಟೈರಿಗೂ ತಗಡಿಗೂ ನಡುವೆ ಸಿಕ್ಕಿಕೊಂಡಿತು. ಇನ್ನೊಂದು ಬೆರಳಗಲ ತಿರುಗಿದ್ದರೆ ಕೈ, ಅದರ ಮುಂದಿನದಕ್ಕೆ ಕಾರು, ನಾನು, ಅಮ್ಮ, ಅವರು, ಎಲ್ಲರೂ ನೀರಿಗೆ.

ಮಳೆಗೆಂದು ಕಾರಿನ ಪಕ್ಕಕ್ಕೆ ಇಳಿಬಿಟ್ಟಿದ್ದ ಪರದೆ ಗಾಳಿಗೆ ಹಾರಿತ್ತು. ನರ್ಸಮ್ಮ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಏನಾಯಿತೆಂದು ಕೇಳಲಿಲ್ಲ, ಗೊತ್ತಾಗಿತ್ತು.

"ಎಳೀಬೇಡ ಕಣಪ್ಪ. ಮುಷ್ಟಿ ಬಿಚ್ಚು. ಕೈ ಸಡಿಲ ಬಿಡು, ಯಾರಾದ್ರೂ ಬರ್ತಾರೆ."

ಬಂದರು. ಮದ್ದೂರಿನ ಕಡೆ ಸೊಪ್ಪಿನ ಮಂಕರಿ ಹೊತ್ತು ನಡೆದುಹೋಗುತ್ತಿದ್ದ ಹೆಂಗಸರ ಒಂದು ಗುಂಪು. ಸಾಬರು ಕೂಗಿದ್ದನ್ನು ಕೇಳಿ ಓಡಿ ಬಂದು ಮಂಕರಿಗಳನ್ನು ಅಲ್ಲಲ್ಲೇ ಇಳಿಸಿದರು. ಅವರಲ್ಲೊಬ್ಬಳು ಒಳಗೆ ಇಣುಕಿ, ಅಯ್ಯೋ ನಮ್ಮ ನರ್ಸಮ್ಮ ಕಣ್ರವ್ವ, ನನ್ನ ಕೂಸ ಎತ್ಕಂಡೋರು, ಎಂದಳು. ಕಾರಿನ ಮೂತಿಗೆ, ಫುಟ್‌ಬೋರ್ಡಿಗೆ, ಬಾಗಿಲಿಗೆ ಕೈಹಾಕಿ ಎಲ್ಲರೂ ಒಟ್ಟಿಗೆ ಮುಂದಕ್ಕೆ ಎಳೆದರು. ಚಕ್ರ ಹಿಂದಕ್ಕಲ್ಲ, ಮುಂದಕ್ಕೆ ಉರುಳಿತು. ನನ್ನ ಕೈ ಹೊರಗೆ ಬಂತು. ಮಣಿಕಟ್ಟಿನ ಮೂಳೆ ಸರಿಯಾಗಿ ಕೂಡಲೇ ಇಲ್ಲ. ಅದು ಹಾಗಿರಲಿ.

ಮಂಡ್ಯ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ದಾರಿಯಲ್ಲಿ ಎಲ್ಲೋ, ಮದ್ದೂರು ದಾಟಿದ ಮೇಲೆ, ನೋವು ನಿಂತಿತು ಎಂದು ನರ್ಸಮ್ಮ ಹೇಳಿದರು. ಅಮ್ಮನಿಗೆ ಸಂತೋಷವಾಯಿತು. ನರ್ಸಮ್ಮ ಅಮ್ಮನ ಮುಖ ನೋಡಿ ಏನೂ ಹೇಳಲಿಲ್ಲ. ನೋವು ನಿಂತರೆ ಒಡೆದಿದೆ ಎಂದರ್ಥ ಎಂದು ನನಗೆ ಆಸ್ಪತ್ರೆಯಲ್ಲಿ ತಿಳಿಯಿತು. ಸ್ಟ್ರೆಚರಿನ ಮೇಲೆ ಒಳಗೆ ಹೋಗುವಾಗ ಅವರು ಅಮ್ಮನಿಗೆ ಹೇಳಿದ್ದು ಒಂದೇ ಮಾತು. ನಾಲೆಯಾಚೆಯ ದೊಡ್ಡಿ ಊರಿನ ಆ ಸೊಸೆಗೆ ಈ ವಾರವೇ ದಿನ, ಚೊಚ್ಚಲು, ಯಾರನ್ನಾದರೂ ಕಳಿಸಲು ಹೇಳಿ.

ಕೊಯ್ದರು. ಬೆಳಗಾಗುವವರೆಗೆ ಇದ್ದರು...

ಸ್ವಲ್ಪ ಮುಂಚೆ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ ಮಾತು ನಮಗಿಂತ ಮೊದಲು ಮಳವಳ್ಳಿ ಮುಟ್ಟಿತ್ತು. ತಾನು ಹಾಕಿಸಿದ ಮಡ್ಗಾರ್ಡೇ ಆಕೆಯನ್ನು ತಿಂದಿತು ಎಂದು ಊರೆಲ್ಲ ಮಾತಾಡಿತು. ಕೆಲವರು ಅಳುತ್ತ ಹೇಳಿದರು. ಕೆಲವರ ದನಿಯಲ್ಲಿ ಗೆದ್ದ ಸಮಾಧಾನವೂ ಇತ್ತು. ಕಾರು ನಿಲ್ಲುವ ಜಾಗದಲ್ಲಿ ನಾಲ್ಕು ಜನ ಸೇರಿ, ಇನ್ನಾದರೂ ಬಿಚ್ಚಿ ಹಾಕಿ ಸಾಬರೆ, ಕೇಳುವವರು ಯಾರೂ ಇಲ್ಲವಲ್ಲ, ಎಂದರು. ನಾನು ಕೈಗೆ ಕಟ್ಟು ಹಾಕಿಕೊಂಡು ಅಲ್ಲಿಯೇ ನಿಂತಿದ್ದೆ. ಸಾಬರ ಕಣ್ಣು ಊದಿಕೊಂಡಿತ್ತು. ಬೇಸಿಗೆ ಮಳೆ ಎನ್ನದೆ ಆ ತಗಡುಗಳನ್ನು ಬೈದುಕೊಂಡೇ ಕಾರು ಓಡಿಸಿದ ಮನುಷ್ಯ.

"ನಾನು ಕೇಳ್ತೀನಲ್ಲ," ಎಂದರು. "ಬೇಡ ಅನ್ನೋರು ನಡ್ಕೊಂಡು ಓಗಿ."

ಅಷ್ಟೇ ಹೇಳಿ ಹಾರನ್ನು ಒತ್ತಿದರು. ಬೇಡ ಅಂದವರೂ ಹತ್ತಿಕೊಂಡರು.

ಕೆಲವು ದಿನಗಳ ನಂತರ ಕೆಲಸ ಹುಡುಕಿಕೊಂಡು ನಾನು ಅದೇ ಕಾರಿನಲ್ಲಿ ಮದ್ದೂರಿಗೆ ಹೊರಟಿದ್ದೆ. ಮಳೆ ನಿಂತಿತ್ತು, ರಸ್ತೆ ಇನ್ನೂ ಕೆಸರು. ನಾಲೆಯ ಏರಿ ಹತ್ತಿರವಾದಂತೆ ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಮುಂದೆ ಒಬ್ಬ ಹೆಂಗಸು ನಡೆದುಹೋಗುತ್ತಿದ್ದಳು. ಬಿಳಿ ಸೀರೆ, ಕೈಯಲ್ಲಿ ಪೆಟ್ಟಿಗೆ. ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸು ಅವಳು, ಇನ್ನೂ ಚಿಕ್ಕ ವಯಸ್ಸು, ದೊಡ್ಡಿಗೆ ಹೊರಟಿದ್ದಳು. ಕಾರಿನ ಸದ್ದಿಗೆ ಗಾಬರಿಯಾಗಿ ಏರಿಯ ಅಂಚಿಗೆ ಸರಿದು, ಸೀರೆಯನ್ನೆಲ್ಲ ಮುಷ್ಟಿಯಲ್ಲಿ ಒಟ್ಟುಮಾಡಿ, ಪೆಟ್ಟಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮುಖ ಆ ಕಡೆ ತಿರುಗಿಸಿ ನಿಂತಳು. ನಾವು ದಾಟಿದೆವು. ನಾನು ಹಿಂದೆ ತಿರುಗಿ ನೋಡಿದೆ. ಅವಳು ಒಂದು ಕ್ಷಣ ಹಾಗೆಯೇ ನಿಂತಿದ್ದಳು. ಆಮೇಲೆ ಬಗ್ಗಿ ಸೀರೆ ನೋಡಿಕೊಂಡಳು. ಏನೂ ಹಾರಿರಲಿಲ್ಲ. ಮುಷ್ಟಿ ಬಿಟ್ಟಳು. ನೆರಿಗೆ ಸರಿಮಾಡಿಕೊಂಡು ಬಿರಬಿರನೆ ನಡೆದಳು. ಅವಳಿಗೆ ನಮ್ಮ ನರ್ಸಮ್ಮನ ಹೆಸರೂ ಗೊತ್ತಿರಲಿಕ್ಕಿಲ್ಲ. ದೊಡ್ಡಿಯ ಸೊಸೆಗೂ ಮಗುವಿಗೂ ಏನೂ ಆಗಲಿಲ್ಲವೆಂದು ಅಮ್ಮ ಆಮೇಲೆ ಹೇಳಿದರು.

ಆ ಬೆಳಗ್ಗೆ ಬಿಚ್ಚಿದ್ದರೆ ನರ್ಸಮ್ಮ ಬದುಕುತ್ತಿದ್ದರೇ? ಬದುಕುತ್ತಿದ್ದರೇನೋ. ನಾನು ಅದನ್ನು ಮುಚ್ಚಿಡುವುದಿಲ್ಲ. ಆ ಜಾರುವಿಕೆಯನ್ನು, ಆ ಬೆರಳಗಲದ ತಿರುಗುವಿಕೆಯನ್ನು ನಾನು ಇಷ್ಟು ವರ್ಷ ನಿದ್ದೆಯಲ್ಲೂ ಎಚ್ಚರದಲ್ಲೂ ಮತ್ತೆ ಮತ್ತೆ ಕಂಡಿದ್ದೇನೆ. ಕಂಡಾಗಲೆಲ್ಲ ಸ್ಪ್ಯಾನರು ಹಿಡಿದ ಕೈ ಗೆಲ್ಲಲಿ ಎಂದೇ ಬಯಸುತ್ತೇನೆ, ಅವರು ಬದುಕಲಿ ಎಂದು. ಆದರೂ ನಾಳೆ ಬೆಳಗ್ಗೆ ಯಾರಾದರೂ ಬಂದು ಮಡ್ಗಾರ್ಡು ಹಾಕಿಸಿದ್ದು ದಂಡ ಎಂದರೆ ನಾನು ಒಪ್ಪುವುದಿಲ್ಲ. ಅವರ ಸಾವನ್ನು ತಂದು ನನ್ನ ಮುಂದಿಟ್ಟು ವಾದಿಸಿದರೂ ಒಪ್ಪುವುದಿಲ್ಲ. ಆ ಸಾವು ಅವರದು. ಅದನ್ನು ಅವರ ವಿರುದ್ಧ ಸಾಕ್ಷಿ ಹೇಳಿಸಲು ಯಾರಿಗೂ ಹಕ್ಕಿಲ್ಲ.

ಅಮ್ಮ ಹೋಗಿ ಬಹಳ ಕಾಲವಾಯಿತು. ಸಾಬರು ಅದಕ್ಕೂ ಮೊದಲೇ ಹೋದರು. ಕಾರು ಯಾವ ಗುಜರಿಗೆ ಸೇರಿತೋ ತಿಳಿಯದು. ನರ್ಸಮ್ಮನದು ಒಂದು ಫೋಟೋ ಕೂಡ ಇಲ್ಲ. ಮುಖ ಕಣ್ಣ ಮುಂದೆ ತಂದುಕೊಳ್ಳಲು ಹೋದರೆ ಈಗೀಗ ಪರದೆಯ ಸಂದಿಯ ಆ ಎರಡು ಕಣ್ಣು ಬಿಟ್ಟು ಬೇರೇನೂ ಬರುವುದಿಲ್ಲ... ಆ ದಿನ ಆ ಕಾರಿನಲ್ಲಿದ್ದವರಲ್ಲಿ ಉಳಿದಿರುವವನು ನಾನೊಬ್ಬ. ಏರಿಯ ರಸ್ತೆಗೆ ಈಗ ಟಾರು ಬಿದ್ದಿದೆ. ಆದರೂ ಮಳೆಗಾಲದಲ್ಲಿ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ, ಕಬ್ಬಿನ ಗಾಡಿಗಳು ಓಡುತ್ತವೆ, ಜನ ನಡೆಯುತ್ತಾರೆ. ಮಡ್ಗಾರ್ಡಿನಿಂದ ಏನು ಉಪಯೋಗ ಎನ್ನುವವರು ಯಾರೇ ಇರಲಿ, ಒಂದು ಮಳೆಯ ದಿನ ಮಳವಳ್ಳಿಗೆ ಬರಲಿ. ಕೂತು ವಾದ ಮಾಡುವುದು ಬೇಡ. ಆ ಏರಿಯ ಮೇಲೆ ಇಬ್ಬರೂ ನಡೆಯೋಣ. ಬರುವಾಗ ಬಿಳಿ ಬಟ್ಟೆ ಹಾಕಿಕೊಂಡು ಬನ್ನಿ.